ಏಡಿನಾ, ಬಸವನಹುಳಾನಾ?

ಕೆಟ್ಟದಾಗಿದ್ರೂ ಕೆಳಗಿಡೋಕಾಗದ ಸೈ-ಫೈ ಹಾರರ್ ಓದ್ಬೇಕು ಅನ್ನೋರಿಗೆ ನಾನು ಕೊಡೋದು ಎರಡೇ ಬ್ರಿಟಿಷ್ ಪುಸ್ತಕ. ಗೈ ಎನ್. ಸ್ಮಿತ್ ಬರೆದ 'ನೈಟ್ ಆಫ್ ದ ಕ್ರ್ಯಾಬ್ಸ್' (1976), ಶಾನ್ ಹಟ್ಸನ್ ಬರೆದ 'ಸ್ಲಗ್ಸ್' (1982).

ಮೊದಲನೇದ್ರಲ್ಲಿ ವೇಲ್ಸ್ ಕಡಲತೀರಕ್ಕೆ ದೈತ್ಯ ಏಡಿಗಳು ಬರ್ತವೆ, ಕತ್ತಲಲ್ಲಿ ಕ್ಲಿಕ್ಕಿಟಿ-ಕ್ಲಿಕ್ ಅಂತ ಸದ್ದು ಬಂತು ಅಂದ್ರೆ ಯಾರೋ ಹೋದ್ರು ಅಂತಾನೇ ಅರ್ಥ, ಅತ್ಲಾಗೆ ಹೀರೋ ಪ್ರೊಫೆಸರ್ ಡೇವನ್‌ಪೋರ್ಟ್ ಪೈಪ್ ಸೇದ್ತಾ ಯೋಚನೆ ಮಾಡ್ತಾ ಇರ್ತಾರೆ, ಡೈಲಾಗ್ ಅಂತೂ ಮರದ ಹಲಗೆ ಥರ, ಆದ್ರೆ ಕಥೆ ಓಡೋ ಸ್ಪೀಡ್ ಇದೆಯಲ್ಲ, ಅದಕ್ಕೆ ನಾನು ಫಿದಾ. ಒಂದೇ ಸಂಜೇಲಿ ಮುಗಿಯತ್ತೆ. ಇಷ್ಟ ಆದ್ರೆ ಮುಂದಿನ ಭಾಗಗಳೂ ಇವೆ, 1978ರ 'ಕಿಲ್ಲರ್ ಕ್ರ್ಯಾಬ್ಸ್'ನಿಂದ ಶುರು ಮಾಡಿ.

'ಸ್ಲಗ್ಸ್'ನಲ್ಲಿ ಮಾಂಸ ತಿನ್ನೋ ಚಿಪ್ಪಿಲ್ಲದ ಬಸವನಹುಳುಗಳು, ಎದುರಿಗೆ ಒಬ್ಬ ಹೆಲ್ತ್ ಇನ್ಸ್‌ಪೆಕ್ಟರ್. ಬರವಣಿಗೆ ಸ್ವಲ್ಪ ಬಿಗಿ, ರಕ್ತ ಜಾಸ್ತಿ, ಲೋಳೆ ಇನ್ನೂ ಜಾಸ್ತಿ. ಊಟ ಮಾಡ್ತಾ ಓದ್ಬೇಡಿ, ಸೊಪ್ಪು ತೊಳೆಯೋವಾಗ ನಾನು ಈಗ್ಲೂ ಪ್ರತಿ ಎಲೆ ತಿರುಗಿಸಿ ನೋಡ್ತೀನಿ.

ಹೊಟ್ಟೆ ಗಟ್ಟಿ ಇದ್ರೆ ಹುಳು ತಗೊಳ್ಳಿ. ಫ್ರೆಂಡ್ಸ್ ಜೊತೆ ಜೋರಾಗಿ ಓದಿ ನಗೋಕೆ ಏಡೀನೇ ಬೆಸ್ಟ್, ನನ್ನ ವೋಟೂ ಅದಕ್ಕೇ.