ಪಟ್ಟಿಯಿಂದ ಭತ್ತವನ್ನಷ್ಟೇ ಆರಿಸಲು: ಆಫ್‌ಟೈಪ್ ಬೇಕೋ, ಕಾಸ್ಟ್ ಬೇಕೋ?

ರಾಯಚೂರಿನ ದಲಾಲಿ ಅಂಗಡಿಗೆ ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕದ ತಂತ್ರಾಂಶ ಬರೆಯುತ್ತಿದ್ದೀರಿ ಎನ್ನಿ. ‘ಸರಕು’ ಮೂಲ ಕ್ಲಾಸ್, ಅಂದರೆ ವಸ್ತುಗಳ ಮಾದರಿ. ಅದರಡಿ ‘ಹತ್ತಿ’, ‘ಭತ್ತ’. ಭತ್ತದಡಿ ‘ಸೋನಾ ಮಸೂರಿ’. ಎಲ್ಲವೂ ಒಂದೇ ಪಟ್ಟಿಯಲ್ಲಿ ಬೆರೆತಿವೆ, ನಿಮಗೆ ಭತ್ತದ ತೇವಾಂಶ ಮಾತ್ರ ಬೇಕು.

ಪಟ್ಟಿ ಸೋಸುವ ‘ವೇರ್’ ಒಳಗೆ ಬಗೆ ಪರೀಕ್ಷಿಸುವ ‘ಈಸ್’ ಬರೆದರೆ ಭತ್ತವೇನೋ ಸಿಗುತ್ತದೆ. ಆದರೆ ಓಡಿಸುವ ಮುನ್ನ ಕೋಡ್ ಪರಿಶೀಲಿಸುವ ಕಂಪೈಲರ್ ಕಣ್ಣಿಗೆ ಅದಿನ್ನೂ ಬರೀ ಸರಕು. ತೇವಾಂಶ ಕೇಳಿದೊಡನೆ ತಕರಾರು ತೆಗೆಯುತ್ತದೆ. ‘ಆಫ್‌ಟೈಪ್’ ಹತ್ತಿಯನ್ನೂ ನಲ್ (ವಸ್ತುವೇ ಇಲ್ಲದ ಖಾಲಿ ಜಾಗ) ಅನ್ನೂ ಸದ್ದಿಲ್ಲದೆ ಬಿಟ್ಟು, ಉಳಿದದ್ದನ್ನು ಭತ್ತವಾಗಿಯೇ ಕೊಡುತ್ತದೆ. ಸೋನಾ ಮಸೂರಿಯೂ ಬರುತ್ತದೆ, ಅದೂ ಭತ್ತವೇ ತಾನೆ. ಬೇಡವೆಂದರೆ ವಸ್ತುವಿನ ನಿಖರ ಬಗೆ ಹೇಳುವ ‘ಗೆಟ್‌ಟೈಪ್’ ಹೋಲಿಸಬಹುದು. ಮುಂದೆ ಹೊಸ ತಳಿ ಸೇರಿಸುವವರು, ಅದು ಲೆಕ್ಕಕ್ಕೆ ಬಾರದೆ, ನಿಮಗೆ ಶಾಪ ಹಾಕುತ್ತಾರೆ, ಅಷ್ಟೆ.

‘ಕಾಸ್ಟ್’ ಸೋಸುವುದೇ ಇಲ್ಲ, ಪ್ರತಿಯೊಂದನ್ನೂ ಭತ್ತವಾಗಿಯೇ ಕೊಡಲು ನೋಡುತ್ತದೆ. ನಡುವೆ ಒಂದು ಹತ್ತಿ ಸಿಕ್ಕರೂ ಎಕ್ಸೆಪ್ಶನ್, ಅಂದರೆ ಓಡುವಾಗಿನ ದೋಷ. ಅದೂ ಕಾಸ್ಟ್ ಬರೆದ ಸಾಲಿನಲ್ಲಲ್ಲ, ಮುಂದೆ ಪಟ್ಟಿಯನ್ನು ಒಂದೊಂದಾಗಿ ಓದುವ ಫೋರೀಚ್ ಓಡುವಾಗ. ಆದರೂ ಪಟ್ಟಿಯಲ್ಲಿ ಭತ್ತ ಬಿಟ್ಟು ಬೇರೇನೂ ಇರಬಾರದೆಂಬ ಕಡೆ ನನ್ನ ಮತ ಇದಕ್ಕೇ. ಅಲ್ಲಿ ಆಫ್‌ಟೈಪ್ ಹಾಕಿದರೆ ತಪ್ಪು ನುಸುಳಿದ್ದೇ ತಿಳಿಯುವುದಿಲ್ಲ.

ಬೆಳೆಗೊಂದು ಬಗೆಯ ದಲಾಲಿ ಲೆಕ್ಕ ಹಾಕಲೆಂದೇ ಸೋಸುತ್ತಿದ್ದರೆ ಎರಡೂ ಬೇಡ. ‘ಸರಕು’ ಕ್ಲಾಸಿನಲ್ಲೇ, ಪ್ರತಿ ಬೆಳೆಯ ಕ್ಲಾಸೂ ತನಗೆ ಬೇಕಾದಂತೆ ಬದಲಿಸಿಕೊಳ್ಳಬಲ್ಲ ವರ್ಚುವಲ್ ಮೆಥಡ್ ಇಡಿ.