ಗ್ರೈಂಡರೋ ಮಿಕ್ಸಿಯೋ? ದೋಸೆಗೆ ನಿಜಕ್ಕೂ ಬೇಕಾದದ್ದು ಕಾವಲಿ

ದೋಸೆ ಗರಿಗರಿಯಾಗಿ ಬರದಿದ್ದರೆ ನಾನು ಯಾವಾಗಲೂ ಮಿಕ್ಸಿಯನ್ನೇ ದೂರುತ್ತಿದ್ದೆ. ಗ್ರೈಂಡರಿನಲ್ಲಿ ರುಬ್ಬಿದ್ದರೆ ಹೀಗಾಗುತ್ತಿರಲಿಲ್ಲ ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರ ಮಾತು. ನಿಜವಾ ಅಂತ ನೋಡೋಣ ಎಂದು ಜನವರಿಯ ಒಂದು ಶನಿವಾರ ಅಕ್ಕಿ, ಉದ್ದು ನೆನೆಸಿ ಎರಡು ಪಾಲು ಮಾಡಿದೆ. ಒಂದು ಪಾಲು ಗ್ರೈಂಡರಿಗೆ, ಒಂದು ಮಿಕ್ಸಿಗೆ. ಮಾರನೇ ದಿನ ಎರಡು ಹಿಟ್ಟನ್ನೂ ಕಬ್ಬಿಣದ ಕಾವಲಿ, ನಾನ್‌ಸ್ಟಿಕ್ ತವಾ ಎರಡರ ಮೇಲೂ ಹುಯ್ದು ನೋಡಿದೆ.

ಅಳತೆ ನಮ್ಮ ಮನೆಯದೇ. ಮೂರು ಲೋಟ ದೋಸೆ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಬಣ್ಣಕ್ಕೆ ಎರಡು ಚಮಚ ಕಡ್ಲೆಬೇಳೆ, ಒಂದು ಚಮಚ ಮೆಂತ್ಯ. ರುಬ್ಬುವಾಗ ಒಂದು ಹಿಡಿ ನೆನೆದ ಅವಲಕ್ಕಿ.

ಗ್ರೈಂಡರಿನಲ್ಲಿ ಉದ್ದು ಅರ್ಧ ಗಂಟೆ ತಿರುಗಿತು. ಆಗಾಗ ಕೈಯಲ್ಲಿ ನೀರು ಚಿಮುಕಿಸುತ್ತಾ ಹೋದ ಹಾಗೆ ಬೆಣ್ಣೆಯಂತೆ ಉಬ್ಬಿ ಬಂತು. ಒಂದು ತೊಟ್ಟು ತೆಗೆದು ಬಟ್ಟಲು ನೀರಿಗೆ ಬಿಟ್ಟರೆ ಹತ್ತಿಯ ಹಾಗೆ ತೇಲಿತು. ಮಿಕ್ಸಿಯದು ಮುಳುಗಿತು. ಜಾರ್ ಮುಟ್ಟಿದರೆ ಬಿಸಿ! ಫ್ರಿಜ್ಜಿನ ತಣ್ಣೀರು ಹಾಕಿ, ಅರ್ಧ ನಿಮಿಷ ರುಬ್ಬಿ ನಿಲ್ಲಿಸಿ, ಮತ್ತೆ ರುಬ್ಬಿದೆ. ಆಗ ತೇಲಿತು. ಆದರೂ ಗ್ರೈಂಡರಿನ ಉದ್ದು ಒದಗಿದಷ್ಟು ಇದು ಒದಗಲಿಲ್ಲ.

ಚಳಿ ಇದ್ದದ್ದರಿಂದ ಹುಳಿ ಬರಲು 14 ಗಂಟೆ ಬೇಕಾಯಿತು. ಏಪ್ರಿಲ್‌ನಲ್ಲಿ ಮತ್ತೆ ಮಾಡಿದಾಗ 7 ಗಂಟೆಗೇ ಆಗಿತ್ತು. ಎರಡು ಸಲವೂ ಗ್ರೈಂಡರಿನ ಹಿಟ್ಟು ಡಬ್ಬಿಯ ಮುಚ್ಚಳ ಮುಟ್ಟಿತ್ತು, ಮಿಕ್ಸಿಯದು ಎರಡು ಬೆರಳು ಕೆಳಗೇ ನಿಂತಿತ್ತು. ಹುದುಗುವಾಗ ಹುಟ್ಟುವ ಗಾಳಿಯನ್ನು ಹಿಡಿದಿಡುವುದು ಉದ್ದಿನ ಜಿಗುಟು. ಉದ್ದು ನುಣ್ಣಗೆ ಅರೆದು ಉಬ್ಬಿದಷ್ಟೂ ಹಿಟ್ಟು ಏಳುತ್ತದೆ.

ಇಲ್ಲಿಯವರೆಗೆ ಗ್ರೈಂಡರೇ ಗೆದ್ದ ಹಾಗೆ, ಅಲ್ವಾ? ಕಾವಲಿಗೆ ಹುಯ್ದ ಮೇಲೆ ಲೆಕ್ಕ ಬದಲಾಯಿತು.

ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಿಸಿ, ನೀರು ಚಿಮುಕಿಸಿದೆ. ಚುಂಯ್ ಎಂದು ಹನಿಗಳು ಓಡಿ ಆರಿದವು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ, ಒಂದು ಸೌಟು ಹಿಟ್ಟು ಹಾಕಿ ತೆಳ್ಳಗೆ ಹರಡಿದೆ. ಕ್ಷಣದಲ್ಲಿ ಮೈತುಂಬಾ ಸಣ್ಣ ತೂತು ಬಿದ್ದವು. ಅಂಚು ಕಂದುಬಣ್ಣಕ್ಕೆ ತಿರುಗಿ ತಾನಾಗಿಯೇ ಎದ್ದಿತು. ಎರಡು ಹಿಟ್ಟಿನ ದೋಸೆಯನ್ನೂ ಪಕ್ಕಪಕ್ಕ ಇಟ್ಟು ಮನೆಯವರಿಗೆ ಕೊಟ್ಟೆ. ಯಾವುದು ಯಾವುದು ಅಂತ ಒಬ್ಬರೂ ಸರಿಯಾಗಿ ಹೇಳಲಿಲ್ಲ. ದೋಸೆಯನ್ನು ತೆಳ್ಳಗೆ ಹರಡುತ್ತೇವೆ, ಹಿಟ್ಟು ಎರಡು ಬೆರಳು ಕಡಿಮೆ ಉಬ್ಬಿದ್ದು ಅಲ್ಲಿ ಗೊತ್ತೇ ಆಗುವುದಿಲ್ಲ. ಇಡ್ಲಿಯಾದರೆ ಗೊತ್ತಾಗುತ್ತದೆ. ಅದೇ ಹಿಟ್ಟಿಗೆ ಇಡ್ಲಿ ರವೆ ಸೇರಿಸಿ ಬೇಯಿಸಿದಾಗ ಮಿಕ್ಸಿಯದು ಗಟ್ಟಿಯಾಯಿತು.

ನಾನ್‌ಸ್ಟಿಕ್ ಮೇಲೆ ಗ್ರೈಂಡರಿನ ಹಿಟ್ಟೂ ಸಪ್ಪೆಯಾಗಿ ಬಂತು. ಉರಿ ಜಾಸ್ತಿ ಇದ್ದರೆ ಹಿಟ್ಟು ಸೌಟಿನ ಜೊತೆಗೇ ಮುದ್ದೆಯಾಗಿ ಬರುತ್ತದೆ. ಕಡಿಮೆ ಮಾಡಿದರೆ ದೋಸೆ ಬಿಳಿಚಿಕೊಳ್ಳುತ್ತದೆ. ಖಾಲಿ ತವಾವನ್ನು ದೊಡ್ಡ ಉರಿಯಲ್ಲಿ ಕಾಯಿಸುವ ಹಾಗೂ ಇಲ್ಲ, ಮೇಲಿನ ಲೇಪ ಹಾಳಾಗುತ್ತದೆ. ಒಂದು ಸುಖ ಅಂದರೆ ಮೊದಲನೇ ದೋಸೆಯೇ ಹರಿಯದೆ ಏಳುತ್ತದೆ. ಸೆಟ್ ದೋಸೆಗೆ ಅಷ್ಟು ಸಾಕು.

ಕಬ್ಬಿಣದ್ದಕ್ಕೆ ತಾಳ್ಮೆ ಬೇಕು. ಹೊಸದನ್ನು ಒಂದು ವಾರ ದಿನಾ ಎಣ್ಣೆ ಸವರಿ, ಕಾಯಿಸಿ, ರಾತ್ರಿಯಿಡೀ ಹಾಗೇ ಬಿಟ್ಟು ಪಳಗಿಸಿದೆ. ಆಮೇಲೂ ಮೊದಲ ಎರಡು ದೋಸೆ ಅಂಟಿದವು. ಒಮ್ಮೆ ಅದರ ಮೇಲೆ ಚಪಾತಿ ಸುಟ್ಟೆ, ಮರುದಿನ ದೋಸೆ ಏಳಲೇ ಇಲ್ಲ. ಮತ್ತೆ ಈರುಳ್ಳಿ, ಎಣ್ಣೆ, ಮೂರು ದಿನ.

ಈಗ ವಾರದ ದೋಸೆಗೆ ಮಿಕ್ಸಿ, ತಣ್ಣೀರು, ಕಬ್ಬಿಣದ ಕಾವಲಿ. ಇಡ್ಲಿ ಮಾಡುವ ಭಾನುವಾರ ಮಾತ್ರ ಗ್ರೈಂಡರಿನ ಕಲ್ಲು ತೊಳೆಯುತ್ತೇನೆ. ಚಪಾತಿಗೆ ಬೇರೆ ತವಾ ತಂದಿದ್ದೇನೆ.