ಮನೆಯಲ್ಲೇ ಹತ್ತನೇ ತರಗತಿ: ಎನ್‌ಐಒಎಸ್ ವಿಜ್ಞಾನ ಪುಸ್ತಕ

ಮಗಳನ್ನು ಶಾಲೆಯಿಂದ ಬಿಡಿಸಿ ಕಲಬುರಗಿಯ ನಮ್ಮ ಮನೆಯಲ್ಲೇ ಹತ್ತನೇ ತರಗತಿಗೆ ಓದಿಸಲು ತೊಡಗಿದಾಗ, ಪಾಠದ ಪುಸ್ತಕ ಯಾವ ಮತದ ಪರವಾಗಿಯೂ ಮಾತನಾಡಬಾರದು ಎಂಬುದನ್ನು ಮೊದಲೇ ನಿರ್ಧರಿಸಿದ್ದೆ. ನಾವು ನಿತ್ಯ ಇಷ್ಟಲಿಂಗ ಪೂಜೆ ಮಾಡುವವರು; ಆ ಶ್ರದ್ಧೆಯನ್ನು ಕಲಿಸಲು ಮನೆಯಿದೆ, ಅಜ್ಜಿಯಿದ್ದಾರೆ. ವಿಜ್ಞಾನದ ಪುಸ್ತಕ ವಿಜ್ಞಾನವನ್ನೇ ಹೇಳಬೇಕು. ಹೊರದೇಶದ ಕೆಲವು ಹೋಂಸ್ಕೂಲ್ ಪುಸ್ತಕಗಳನ್ನು ತಿರುವಿದಾಗ, ಸೃಷ್ಟಿಯ ಕಥೆಯನ್ನೇ ಜೀವಶಾಸ್ತ್ರವೆಂದು ಬೋಧಿಸಿದ್ದು ಕಂಡು ಅವನ್ನು ಬದಿಗಿಟ್ಟೆ.

ಕೊನೆಗೆ ನಮಗೆ ಒಗ್ಗಿದ್ದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, ಸಿದ್ಧಪಡಿಸಿದ ಸೆಕೆಂಡರಿ ಹಂತದ ‘ವಿಜ್ಞಾನ ಮತ್ತು ತಂತ್ರಜ್ಞಾನ’ ಪುಸ್ತಕ. 1989ರಲ್ಲಿ ಆರಂಭವಾದ ಈ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ 14 ವರ್ಷ ತುಂಬಿದ ಮಕ್ಕಳು ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಪಾಠಗಳೆಲ್ಲ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಇಲ್ಲಿ ವೇದಾಧ್ಯಯನದಂತಹ ಐಚ್ಛಿಕ ವಿಷಯಗಳೂ ಇವೆ. ಬೇಡವೆನಿಸಿದವರು ಅವನ್ನು ಆಯ್ದುಕೊಳ್ಳಬೇಕಿಲ್ಲ.

ಈ ಪುಸ್ತಕವನ್ನು ನಾನು ಮನಸಾರೆ ಮೆಚ್ಚಲು ಒಂದೇ ಪಾಠ ಸಾಕಾಯಿತು. ಪಠ್ಯ ಪರಿಷ್ಕರಣೆಯ ಹೆಸರಿನಲ್ಲಿ, ಶಾಲಾ ಪಠ್ಯಪುಸ್ತಕ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟದ್ದು ನನಗೆ ಬಹಳ ನೋವು ತಂದಿತ್ತು. ಎನ್‌ಐಒಎಸ್ ಪುಸ್ತಕದಲ್ಲಿ ಭೂಮಿಯ ಮೇಲಿನ ಜೀವದ ಚರಿತ್ರೆಗೆಂದೇ ಒಂದು ಪ್ರತ್ಯೇಕ ಪಾಠವಿದೆ. ಅದನ್ನು ಓದಿದ ದಿನ ಮಗಳು ನಮ್ಮ ಪಡಸಾಲೆಯ ಶಹಾಬಾದ್ ಫರಸಿಯ ಮೇಲೆ ಮೊಣಕಾಲೂರಿ ಕುಳಿತು, ಭೂತಗನ್ನಡಿ ಹಿಡಿದು ಪಳೆಯುಳಿಕೆ ಹುಡುಕಿದಳು. ಒಂದು ಚಿಪ್ಪೂ ಸಿಗಲಿಲ್ಲ. ಭೀಮಾ ಕೊಳ್ಳದ ಈ ಸುಣ್ಣಕಲ್ಲನ್ನು ಭೂವಿಜ್ಞಾನಿಗಳು ಪ್ರೊಟೆರೊಜೊಯಿಕ್, ಅಂದರೆ ಐವತ್ತು ಕೋಟಿ ವರ್ಷಗಳಿಗೂ ಹಿಂದಿನ, ಕಾಲದ್ದೆಂದು ಗುರುತಿಸಿದ್ದಾರೆ, ಆಗಿನ್ನೂ ಚಿಪ್ಪಿನ ಪ್ರಾಣಿಗಳೇ ಇರಲಿಲ್ಲ ಎಂದು ಹೇಳಿದಾಗ, ದಿನವೂ ಒರೆಸುವ ನೆಲವನ್ನು ಅವಳು ಅಂಗೈಯಿಂದ ಸವರಿ ನೋಡಿದಳು.

ಪಾಠದ ನಡುನಡುವೆ ಪ್ರಶ್ನೆಗಳೂ ಕೊನೆಯಲ್ಲಿ ಅವುಗಳ ಉತ್ತರಗಳೂ ಇರುವುದರಿಂದ, ಹೇಳಿಕೊಡುವವರು ಪಕ್ಕದಲ್ಲಿ ಇಲ್ಲದಿದ್ದರೂ ಮಗು ತಾನೇ ಮುಂದೆ ಸಾಗಬಲ್ಲದು. ಆದರೆ ನಾವು ಓದುತ್ತಿರುವುದು ಇಂಗ್ಲಿಷ್ ಪ್ರತಿ. ಕನ್ನಡ ಮಾಧ್ಯಮದಿಂದ ಬಂದ ನನ್ನ ಮಗಳಿಗೆ ಆರಂಭದ ತಿಂಗಳುಗಳು ಕಷ್ಟವಾದವು. ಕರ್ನಾಟಕ ಪಠ್ಯಪುಸ್ತಕ ಸಂಘದ ಕನ್ನಡ ವಿಜ್ಞಾನ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಅನುವಂಶೀಯತೆ, ದ್ಯುತಿಸಂಶ್ಲೇಷಣೆ ಮುಂತಾದ ಪದಗಳನ್ನು ಅಂಚಿನಲ್ಲಿ ಬರೆದುಕೊಂಡ ಮೇಲೆ ಓದು ಹಗುರವಾಯಿತು. ವಿದ್ಯುತ್ ಮಂಡಲದ ಪಾಠಕ್ಕೆ ಕೊಲರಾಡೊ ವಿಶ್ವವಿದ್ಯಾಲಯದ ಉಚಿತ ಫೆಟ್ ಸಿಮ್ಯುಲೇಶನ್‌ಗಳು, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು, ನೆರವಾದವು.

ತೊಡಕು ಇರುವುದು ಪ್ರಾಯೋಗಿಕ ಪರೀಕ್ಷೆಯಲ್ಲಿ. ನಮ್ಮ ಜಿಲ್ಲಾ ವಿಜ್ಞಾನ ಕೇಂದ್ರ ಕುತೂಹಲ ಕೆರಳಿಸಬಲ್ಲದು, ಆದರೆ ದ್ರವ ಅಳೆಯುವ ಬ್ಯೂರೆಟ್ ಕೊಳವೆ ಹಿಡಿಯಲು ಪ್ರಯೋಗಾಲಯವೇ ಬೇಕು. ನಾನು ವಿಚಾರಿಸಿದ ಎನ್‌ಐಒಎಸ್‌ನ ಒಂದು ಅಧ್ಯಯನ ಕೇಂದ್ರದಲ್ಲಿ ಮೂರು ಸಲ ಅಲೆದರೂ ಪ್ರಯೋಗದ ದಿನಾಂಕ ತಿಳಿಯಲಿಲ್ಲ. ಕೊನೆಗೆ ಪರಿಚಯದ ಉಪನ್ಯಾಸಕರೊಬ್ಬರು ಕೆಲವು ಭಾನುವಾರ ಹೇಳಿಕೊಟ್ಟರು. ನೋಂದಾಯಿಸುವ ಮುನ್ನ ಈ ವ್ಯವಸ್ಥೆಯನ್ನು ಖಚಿತಪಡಿಸಿಕೊಳ್ಳಿ. ಐದು ವರ್ಷಗಳೊಳಗೆ ಒಂಬತ್ತು ಅವಕಾಶಗಳಿರುವುದರಿಂದ ಐದೂ ವಿಷಯಗಳನ್ನು ಒಮ್ಮೆಗೇ ಬರೆಯಬೇಕಾಗಿಲ್ಲ. ಮಗಳು ಈ ಬಾರಿ ವಿಜ್ಞಾನ ಮತ್ತು ಕನ್ನಡವನ್ನಷ್ಟೇ ಬರೆಯಲಿದ್ದಾಳೆ.